ಹತ್ತು ಕೋಟಿಯ ಕೂಲರ್ – ಕಂತು ೯: ಖಣದ ಮಡಿಕೆ

“ಇದು ಪದ್ಮನಾಭನ ಹೆಂಡ್ತಿ ಕೊಟ್ಟಿದ್ದು, ನಾಗರಪಂಚಮಿಗೆ. ಇದು ಮೌನಪ್ಪನವರ ಸೊಸಿ, ಮಗನ ಜವಳಕ್ಕ. ಇದು ಯಾರದಪ್ಪಾ...”

ಸುಭದ್ರಾಬಾಯಿ ಟ್ರಂಕಿನಿಂದ ಒಂದೊಂದೇ ರವಿಕೆ ಖಣ ತೆಗೆದು, ಮಡಿಕೆಯೊಳಗಿನ ಚೀಟಿ ಓದಿ, ಹಾಸಿಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಗಿರಿಜಾಬಾಯಿ ಗೋಡೆಯ ಗಡಿಯಾರ ನೋಡಿದರು. ಮೂರು ಹತ್ತು.

“ಹೆಸರು ಓದಬ್ಯಾಡ್ರಿ ಸುಭದ್ರಾಬಾಯಾರ, ಕೈ ಮುಗೀತೀನಿ. ಚೀಟಿ ತಿರುವಿ ಹಿಂದ ಏನ ಐತಿ ಅಷ್ಟ ನೋಡ್ರಿ. ಐದಕ್ಕ ಆ ಖೋಡಿ ಫೋನ್ ಬರ್ತೈತಿ.”

ಆ ಖೋಡಿ ಯಾರು ಎಂಬುದೇ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದ ಕರೆಯಲ್ಲಿ ಒಂದು ಒರಟು ದನಿ ದಖನಿ ಉರ್ದುವಿನಲ್ಲಿ ಹೇಳಿದ್ದು ಇಷ್ಟೇ: ಕೌಶಲ್ ನಮ್ಮ ಕೈಯಲ್ಲಿದ್ದಾನೆ. ಅವನು ಹಿಂದೆ ಸುಭದ್ರಾಬಾಯಿಯ ಮಗ ವಿನಾಯಕನಿಗೆ ಕೊಟ್ಟ ಬಿಟ್‌ಕಾಯಿನ್ ಹಾಳೆ ನಾರಾಯಣಗೂಡದ ಅವರ ಮನೆಯಲ್ಲೇ ಇದೆ. ಐದರೊಳಗೆ ಹುಡುಕಿ ಇಟ್ಟುಕೋ. ಪೊಲೀಸರಿಗೆ ಹೇಳುವುದು ನಕ್ಕೋ. ನಡುವೆ ಒಂದು ಕ್ಷಣ ಕೌಶಲನ ದನಿಯೂ ಕೇಳಿತ್ತು. “ದೊಡ್ಡವ್ವಾ, ಕೊಟ್ಟಬಿಡು.”

ಕೌಶಲ್ ಗಿರಿಜಾಬಾಯಿಯ ತಂಗಿಯ ಮಗ. ತಂಗಿ ತೀರಿಕೊಂಡಾಗ ಅವನಿಗೆ ಏಳು ವರ್ಷ. ಅಂದಿನಿಂದ ಅವನ ತಲೆಗೆ ಎಣ್ಣೆ ಒತ್ತಿದ್ದು, ಸುಳ್ಳು ಹೇಳಿದರೆ ಕಿವಿ ಹಿಂಡಿದ್ದು, ಮಾದಾಪುರದಲ್ಲಿ ನೌಕರಿ ಸಿಕ್ಕ ದಿನ ಕ್ವಾರ್ಟರ್ಸಿನ ಓಣಿಗೆಲ್ಲ ಪೇಢೆ ಹಂಚಿದ್ದು ಇವರೇ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಅವನೊಬ್ಬ ಇಲ್ಲವಾದರೆ ತಮಗೆ ಈ ಊರಿನಲ್ಲಿ ಯಾರೂ ಇಲ್ಲ ಎಂಬುದು ಬೆಳಗಿನಿಂದ ನೂರು ಸಲ ಮನಸ್ಸಿಗೆ ಬಂದು ಹೋಗಿತ್ತು. ಒಂದು ಗುಟುಕು ಚಹಾ ಕೂಡ ಗಂಟಲಲ್ಲಿ ಇಳಿದಿರಲಿಲ್ಲ.

ಇಷ್ಟೆಲ್ಲದರ ಮೂಲ ಒಂದು ಹಳೇ ಕೂಲರ್.

ಎರಡು ಸಾವಿರದ ಹನ್ನೆರಡರ ಏಪ್ರಿಲ್. ಕೌಶಲ್ ಆಗ ಇದೇ ಮನೆಯ ಮೇಲಿನ ಖೋಲಿಯಲ್ಲಿ ಕಾಲೇಜಿಗೆ ಹತ್ತಿರವೆಂದು ಬಾಡಿಗೆಗಿದ್ದು ಓದುತ್ತಿದ್ದ. ಮೇಲೆ ತಗಡು, ಅದರ ಮೇಲೆ ಹೈದರಾಬಾದಿನ ಬಿಸಿಲು. ವಿನಾಯಕ ತನ್ನ ಕೂಲರ್ ಮಾರಲು ಹೊರಟಿದ್ದ. ಕೌಶಲನ ಕಿಸೆ ಖಾಲಿ, ಆದರೆ ಕಂಪ್ಯೂಟರಿನಲ್ಲಿ ಹನ್ನೆರಡು ಬಿಟ್‌ಕಾಯಿನ್ ಇದ್ದವು. ಆಗ ಅವುಗಳ ಬೆಲೆ ಹಳೇ ಕೂಲರಿಗೆ ಸರಿಹೋಗುವಷ್ಟೇ. ಅವುಗಳ ಗುಪ್ತ ಕೀಲಿಯನ್ನು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲಾಗಿ ಮುದ್ರಿಸಿ ಕೊಟ್ಟ. ಆ ಎರಡೂ ಸಾಲು ಯಾರ ಕೈಯಲ್ಲಿದ್ದರೆ ಕಾಯಿನ್ ಅವರದು. ತನ್ನ ಬಳಿಯ ನಕಲನ್ನು ಅಂದೇ ಅಳಿಸಿಹಾಕಿದ.

“ಮಾರಿದ ಮ್ಯಾಲ ನಕಲು ಇಟ್ಕೊಂಡ್ರ ಅದು ಕಳವು ಆಗ್ತೈತಿ ದೊಡ್ಡವ್ವ” ಎಂದಿದ್ದ. ಆ ಮಾತಿಗೆ ಗಿರಿಜಾಬಾಯಿ ಎಷ್ಟು ಹಿಗ್ಗಿದ್ದರೆಂದರೆ, ಕೆಲಸದ ಕಡೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು.

ಈಗ ಆ ಹನ್ನೆರಡಕ್ಕೆ ಹತ್ತು ಕೋಟಿ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಎಸಿ ಇರುವ ಫ್ಲ್ಯಾಟಿಗೆ ಹೋದರೂ ಕೌಶಲ್ ಆ ಕೂಲರನ್ನು ಬಿಸಾಡಲಿಲ್ಲ. ಹಿಂದಿನ ಖೋಲಿಯಲ್ಲಿ ಅದು ಈಗಲೂ ಟಕಟಕ ಅನ್ನುತ್ತ ತಿರುಗುತ್ತದೆ. ಅದರ ಹುಲ್ಲಿನ ದೂಳಿಗೆ ಅವನಿಗೆ ಸೀನು ಬರುತ್ತದೆ, ತಪ್ಪದೆ ಮೂರು, ಮೂರನೆಯದು ನೆರೆಮನೆಗೂ ಕೇಳುವಂಥದ್ದು. “ಹತ್ತು ಕೋಟಿ ಗಾಳಿ, ತಣ್ಣಗ ಐತೇನಪಾ?” ಎಂದು ಮದುವೆ ಮನೆಗಳಲ್ಲಿ ನೆಂಟರು ಚೇಷ್ಟೆ ಮಾಡಿದರೆ ಮೊದಮೊದಲು ಅವನೂ ನಗುತ್ತಿದ್ದ. ಈಚೆಗೆ ನಗುವುದನ್ನು ಬಿಟ್ಟಿದ್ದ.

ಬೆಳಿಗ್ಗೆ ಕರೆ ಬಂದ ಕೂಡಲೇ ಗಿರಿಜಾಬಾಯಿ ಆ ಫ್ಲ್ಯಾಟಿಗೆ ಓಡಿದ್ದರು. ಕೌಶಲನ ಹೆಂಡತಿ ಲಹರಿ ಅತ್ತು ಅತ್ತು ಮುಖ ಕೆಂಪಾಗಿ ಕೂತಿದ್ದಳು. ರಾತ್ರಿ ಆಫೀಸಿನಿಂದ ಬರಲೇ ಇಲ್ಲ ಎಂದಳು. ಹಿಂದಿನ ಖೋಲಿಯ ಕದ ಮುಚ್ಚಿತ್ತು, ಒಳಗೆ ಕೂಲರಿನ ಸದ್ದು. “ತನ್ವಿ ಮಲಗ್ಯಾಳ್ರಿ ಅತ್ತೀ, ಎಬ್ಬಿಸಬ್ಯಾಡ್ರಿ” ಎಂದಿದ್ದಳು. ಮೊಮ್ಮಗಳ ಮುಖ ನೋಡಲಿಕ್ಕೂ ನಿಲ್ಲದೆ ಇವರು ಸೀದಾ ಇಲ್ಲಿಗೆ ಬಂದಿದ್ದರು.

ಬಂದವರು ಬೀರು, ಪುಸ್ತಕದ ಕಪಾಟು ಯಾವುದನ್ನೂ ಮುಟ್ಟಲಿಲ್ಲ. ಅವನ್ನೆಲ್ಲ ವಿನಾಯಕ ಏಳೆಂಟು ವರ್ಷದ ಹಿಂದೆಯೇ, ಬೆಲೆ ಮೊದಲ ಸಲ ಏರಿದಾಗ, ತಿರುವಿ ಹಾಕಿದ್ದ. ಗಿರಿಜಾಬಾಯಿ ಕೇಳಿದ್ದು ಒಂದೇ ಪ್ರಶ್ನೆ. “ಒಂದ ಮಗ್ಗಲು ಖಾಲಿ ಇರೂ ಹಾಳಿ ಸಿಕ್ರ ನೀವೇನ ಮಾಡ್ತೀರಿ, ಸುಭದ್ರಾಬಾಯಾರ?”

ಸುಭದ್ರಾಬಾಯಿ ಮಂಚದ ಕೆಳಗಿನ ಟ್ರಂಕಿನತ್ತ ನೋಡಿದ್ದರು. ಅದರೊಳಗೆ ನೂರಾರು ಖಣ, ಬೆಳಗಿನಿಂದ ಬಿಚ್ಚಿದರೂ ಮುಗಿದಿರಲಿಲ್ಲ.

ಖಣದ ಸಂಗತಿ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬವಿರಲಿ, ಗೃಹಪ್ರವೇಶವಿರಲಿ, ಉಡಿ ತುಂಬಿದರೆ ಖಣ ಕೊಡಬೇಕು. ಕೊಟ್ಟ ಖಣವನ್ನು ಹೊಲಿಸುವವರು ನೂರಕ್ಕೆ ಇಬ್ಬರು. ಉಳಿದದ್ದು ಟ್ರಂಕು ಸೇರಿ, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ದಾಟುತ್ತದೆ. ತಪ್ಪಿ ಕೊಟ್ಟವರಿಗೇ ಮರಳಿ ಕೊಟ್ಟರೆ ಮರ್ಯಾದೆ ಹೋಯಿತು. ಅದಕ್ಕೇ ಕೊಟ್ಟವರ ಹೆಸರನ್ನು ಚೀಟಿಯಲ್ಲಿ ಬರೆದು ಮಡಿಕೆಯಲ್ಲಿ ಇಡುವುದು, ದಾಟಿಸುವಾಗ ಚೀಟಿ ತೆಗೆಯುವುದು. ಸುಭದ್ರಾಬಾಯಿಯ ಚೀಟಿಗಳೆಲ್ಲ ಕರೆಂಟ್ ಬಿಲ್ಲು, ಕ್ಯಾಲೆಂಡರು, ಮಗನ ಹಳೇ ಹಾಳೆಗಳ ಬೆನ್ನಿನವು. ಗಂಡಸರು ಮನೆಯನ್ನೆಲ್ಲ ಕೆದರಿದರೂ ಖಣದ ಟ್ರಂಕು ಮುಟ್ಟುವುದಿಲ್ಲ.

“ಅಕ್ಕಾರ!”

ಸುಭದ್ರಾಬಾಯಿಯ ಕೈಯಲ್ಲಿ ಹಸಿರು ಖಣ, ಕೆಂಪು ಅಂಚು. ಇನ್ನೊಂದು ಕೈಯಲ್ಲಿ ಹಳದಿಗಟ್ಟಿದ ಚೀಟಿ. ಒಂದು ಬದಿಗೆ “ಶಾಂತಕುಮಾರನ ಹೆಂಡತಿ, ಗೃಹಪ್ರವೇಶ” ಎಂದು ಪೆನ್ನಿನಲ್ಲಿ ಬರೆದಿತ್ತು. ತಿರುವಿದರೆ, ಐದರ ಅಂಕಿಯಿಂದ ಶುರುವಾಗಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ದಪ್ಪ ಸಾಲು.

ಒಂದೇ ಸಾಲು. ಅದರ ಕೆಳಗೆ ಕಾಗದ ಹರಿದಿತ್ತು.

ಗಿರಿಜಾಬಾಯಿ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹರಿದ ಅಂಚು ನೇರವಾಗಿತ್ತು. ಮಡಚಿ, ಉಗುರಿನಿಂದ ಗೀರಿ, ಜತನದಿಂದ ಹರಿದದ್ದು.

“ಎರಡ ಚೀಟಿ ಮಾಡೀರಿ ಒಂದ ಹಾಳ್ಯಾಗ.”

“ಹೌದ್ರಿ, ಶಾಂತಕುಮಾರನ ಹೆಂಡ್ತಿ ಅವತ್ತ ಎರಡು ಖಣ ಕೊಟ್ಲು. ಒಂದು ಹಸರು, ಒಂದು ನೇರಳಿ. ಹಂಗಾಗಿ ಎರಡಕ್ಕೂ ಚೀಟಿ...” ಸುಭದ್ರಾಬಾಯಿಯ ದನಿ ಕುಸಿಯಿತು. “ನೇರಳಿ ಈಗ ಇಲ್ರಿ. ಯಾರಿಗೋ ಕೊಟ್ಟೀನಿ. ಅವಸರದಾಗ ಚೀಟಿ ತಗೀಲಿಲ್ಲೋ ಏನೋ.”

“ಯಾರಿಗೆ ಕೊಟ್ರಿ?”

“ತಡೀರಿ. ಯಾರದೋ ಕಾರ್ಯ... ತಲಿಗೆ ಹತ್ತವಲ್ದು.”

“ಕುಂತು ನೆನಪ ಮಾಡ್ಕೋರಿ. ಆ ನೇರಳಿ ಖಣ ಯಾರ ಮನಿಗೆ ಹೋಗೈತಿ, ಕೌಶಲ್ ಅವರ ಕೈಯಾಗ ಅದಾನ.”

ಗಿರಿಜಾಬಾಯಿಯ ಮನಸ್ಸು ಈಗ ಚುರುಕಾಗಿ ಓಡುತ್ತಿತ್ತು. ಎರಡೂ ಸಾಲು ಇದ್ದವನು ಅಪಹರಣ ಮಾಡುವುದಿಲ್ಲ, ಮೊಬೈಲ್ ಹಿಡಿದು ಕೂತು ಕಾಯಿನ್ ಎತ್ತಿಕೊಳ್ಳುತ್ತಾನೆ. ಏನೂ ಇಲ್ಲದವನಿಗೆ ಹಾಳೆ ಈ ಮನೆಯಲ್ಲಿದೆ ಎಂದು ತಿಳಿಯುವುದು ಹೇಗೆ? ಕೆಳಗಿನ ಸಾಲು ಸಿಕ್ಕವನಿಗೇ ಮೇಲಿನ ಸಾಲು ಬೇಕು.

ಆದರೆ ಚೀಟಿ ಸಿಕ್ಕ ಮಾತ್ರಕ್ಕೆ ಆ ಸಾಲು ಏನೆಂದು ಯಾರಿಗೆ ಅರ್ಥವಾಗಬೇಕು? ಇಡೀ ಹಾಳೆಯನ್ನು ಮೊದಲೇ ಕಂಡವರಿಗೆ ಮಾತ್ರ. ಅಂಥವರು ಇಬ್ಬರೇ. ಮುದ್ರಿಸಿಕೊಟ್ಟ ಕೌಶಲ್, ಪಡೆದುಕೊಂಡ ವಿನಾಯಕ. ಕೌಶಲ್ ಎಲ್ಲೋ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದಾನೆ. ಉಳಿದವನು ಒಬ್ಬ.

ಹೊರಗೆ ಗೇಟು ಕಿರುಗುಟ್ಟಿತು.

ವಿನಾಯಕ ಒಳಗೆ ಬಂದ. ಪಟಾನ್‌ಚೆರುವಿನ ಕಾರ್ಖಾನೆಯ ನೀಲಿ ಅಂಗಿ, ಬೆನ್ನು ಬೆವರಿ ಅಂಟಿಕೊಂಡಿತ್ತು, ಮೈಯಿಂದ ಔಷಧದ ಘಾಟು. ಹಾಸಿಗೆಯ ಮೇಲಿನ ಖಣಗಳ ಸಾಲು ನೋಡಿ ಹೊಸ್ತಿಲಲ್ಲೇ ನಿಂತ. ಗಡಿಯಾರದಲ್ಲಿ ಹತ್ತು ಕಮ್ಮಿ ನಾಲ್ಕು.

ಗಿರಿಜಾಬಾಯಿ ರಕ್ಷಣಾ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತು, ತಡವಾಗಿ ಬಂದವರ ಮುಖ ನೋಡಿ ನಿವೃತ್ತರಾದವರು. ಅಲ್ಲಿ ಕಲಿತದ್ದು ಒಂದೇ ವಿದ್ಯೆ. ನಿಜವಾಗಿ ತಡವಾದವನು ಒಂದು ಕಾರಣ ಹೇಳುತ್ತಾನೆ. ಸುಳ್ಳುಗಾರನಿಗೆ ಒಂದು ಸಾಲದು, ಎರಡು ಹೇಳುತ್ತಾನೆ.

“ತಡಾ ಮಾಡಿದ್ಯಲ್ಲೋ ವಿನಾಯಕ. ಶಿಫ್ಟ್ ಬಿಟ್ಟ ಮ್ಯಾಲ ಫೋನಿನಾಗ ಎಲ್ಲಾ ಹೇಳಿದ್ದೆ, ಮೂರೂವರಿಗೆ ಬರ್ತೀನಿ ಅಂದಿದ್ದಿ.”

“ಬಸ್ ತಪ್ಪಿತ್ರಿ ದೊಡ್ಡವ್ವಾರ.”

“ಮುಂಜಾನೆ ಎಂಟಕ್ಕ ಎಲ್ಲಿದ್ದಿ?”

“ಶಿಫ್ಟಿನಾಗ.”

“ನಿನ್ನ ಫೋನು?”

“ಗೇಟಿನಾಗ ಇಟ್ಟ ಹೋಗಬೇಕ್ರಿ. ಒಳಗ ಬಿಡಂಗಿಲ್ಲ.” ಅವನ ಹುಬ್ಬು ಗಂಟಿಕ್ಕಿತು. “ಯಾಕ್ರಿ, ನನ್ನ ಮ್ಯಾಲ ಸಂಶೇ ಏನು?”

ಗಿರಿಜಾಬಾಯಿ ಚೀಟಿಯನ್ನು ಅವನ ಮುಖದ ಮುಂದೆ ಹಿಡಿದು, ಅವನ ಕಣ್ಣನ್ನೇ ನೋಡಿದರು.

ಅವನು ಚೀಟಿಯತ್ತ ಬಗ್ಗಿದ. ಕೈ ತಾನಾಗಿ ಮುಂದೆ ಬಂತು. ಗಿರಿಜಾಬಾಯಿ ಚೀಟಿಯನ್ನು ಬೆನ್ನ ಹಿಂದೆ ಸರಿಸಿದರು.

“ಎಲ್ಲಿ ಸಿಕ್ತು? ಅದು ನಂದ್ರಿ! ನಾ ಎಂಟ ವರ್ಷ ಹುಡುಕೀನಿ ಅದನ್ನ!”

“ನಿಂದ ಐತಿ, ಯಾರ ಅಲ್ಲಂದ್ರು? ಅರ್ಧ ಐತಿ ನೋಡು. ಇನ್ನರ್ಧ ಯಾರ ಕಡೆ ಐತಿ, ಅವರ ನನ್ನ ಹುಡುಗನ್ನ ಹಿಡಕೊಂಡಾರ. ಈ ಹಾಳಿ ಗುರ್ತು ಇದ್ದದ್ದು ನಿಮ್ಮಿಬ್ಬರಿಗೇ. ಹೇಳು, ಕೌಶಲ್ ಎಲ್ಲಿ?”

“ದೊಡ್ಡವ್ವಾರ!” ವಿನಾಯಕನ ದನಿಗೆ ಗೋಡೆಯ ಮೇಲಿನ ಹಲ್ಲಿ ಓಡಿತು. “ನನ್ನ ಮನ್ಯಾಗಿನ ಹಾಳಿ ಹುಡುಕಾಕ ನಾ ಮಂದಿನ್ನ ಎತ್ತಿಸಬೇಕೇನ್ರಿ? ಅರ್ಧ ಚೀಟಿ ಖಣದಾಗ ಸಿಕ್ಕಿದ್ರ ಉಳಿದ ಖಣಾ ನಾನ ಬಿಚ್ಚಿ ನೋಡ್ತಿದ್ದಿಲ್ಲೇನು? ಟ್ರಂಕ ಇಲ್ಲೇ ಮಂಚದ ಕೆಳಗ ಐತಿ!”

ಅವನ ಮಾತು ನೆಟ್ಟಗಿತ್ತು. ಕಾರಣವೂ ಒಂದೇ ಇತ್ತು.

ಅವನು ಮಂಚದ ತುದಿಗೆ ಕುಸಿದು ಕೂತ. ಸ್ವಲ್ಪ ಹೊತ್ತು ಬೂಟಿನ ಲೇಸು ಬಿಚ್ಚುತ್ತಲೇ ಇದ್ದ, ಬಿಚ್ಚಿದರೂ ಕೈ ಬಿಡಲಿಲ್ಲ.

“ಅಂವ ಖರ್ಚ ಮಾಡಿ ಅತ್ತ, ನಾ ಇಟ್ಕೊಂಡ ಕಳಕೊಂಡು ಅತ್ತೆ. ಇಬ್ಬರೂ ಕೂಡಿದಾಗೆಲ್ಲ ಇದ ಮಾತು ನೋಡ್ರಿ. ‘ಆ ಕೂಲರ್ ತಗೋಬಾರ್ದಿತ್ತಲೇ ವಿನ್ಯಾ, ಒಂದ ಬ್ಯಾಸಗಿ ತಡಕೊಂಡಿದ್ರ ಮುಗೀತಿತ್ತು’ ಅಂತಿದ್ದ. ನಿದ್ದಿ ಬರೂದಿಲ್ಲ ಅಂತಿದ್ದ. ನಾ ನಕ್ಕು ಬಿಡ್ತಿದ್ದೆ. ಒಳಗೊಳಗ ನನಗೂ ನಿದ್ದಿ ಬರ್ತಿದ್ದಿಲ್ಲ.” ಅವನು ತಲೆ ಎತ್ತಿದ. “ಐದಕ್ಕ ಫೋನ್ ಬಂದ್ರ ಕೊಟ್ಟಬಿಡ್ರಿ.”

“ಏನು?”

“ಚೀಟಿ. ಕೊಟ್ಟಬಿಡ್ರಿ ಅವರಿಗೆ. ನಮ್ಮಪ್ಪ ಸತ್ತಾಗ ಹೆಗಲ ಕೊಟ್ಟಾಂವ ಕೌಶಲ್. ಮೂರ ದಿನಾ ಅವ್ವನ ಕೂಡ ಕುಂತು ಉಣಿಸ್ಯಾನ. ಹತ್ತು ಕೋಟಿ ನನ್ನ ಹಣ್ಯಾಗ ಇಲ್ಲ ಅಂದ್ಕೋತೀನಿ. ಒಂದ ಹಳೇ ಕೂಲರ್ ಹೋತು, ಇಷ್ಟ.”

ಹೇಳುವಾಗ ಅವನ ಕಣ್ಣು ಎರಡು ಸಲ ಗಿರಿಜಾಬಾಯಿಯ ಮುಷ್ಟಿಯತ್ತ ಹೋಯಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಿರಿಜಾಬಾಯಿಗೆ ನಾಚಿಕೆಯಾಯಿತು. ಐದು ನಿಮಿಷದ ಹಿಂದೆ ಈ ಹುಡುಗನನ್ನು ಕಳ್ಳ ಎಂದುಕೊಂಡಿದ್ದೆನಲ್ಲ ಎಂದು ಅವರ ಕಣ್ಣು ಒದ್ದೆಯಾಯಿತು. ಅವನ ತಲೆಯ ಮೇಲೆ ಕೈ ಇಟ್ಟರು.

“ನೆನಪಾತ್ರಿ!” ಸುಭದ್ರಾಬಾಯಿ ದಡಕ್ಕನೆ ಎದ್ದರು. “ನೇರಳಿ ಖಣ ಕುಬಸಕ್ಕ ಕೊಟ್ಟೆ! ನಿಮ್ಮ ಲಹರಿ ಕುಬಸಕ್ಕ, ಅಕ್ಕಾರ! ಆಕಿ ಬಸರಿದ್ದಾಗ ಏಳರಾಗ ಮಾಡಿದ್ರಲ್ಲ, ನಾವು ತಡಾ ಆಗಿ ಹೋದ್ವಿ, ಆಗಲೇ ಉಡಿ ತುಂಬಾಕತ್ತಿದ್ರು. ಅವಸರದಾಗ ಹಂಗ ಇಟ್ಟಬಿಟ್ಟೆ.”

ಗಿರಿಜಾಬಾಯಿಯ ಕೈ ವಿನಾಯಕನ ತಲೆಯ ಮೇಲೇ ನಿಂತಿತು.

“ಆ ಕೂಸ ಈಗ ಎಷ್ಟ ಚಂದ ಆಗೈತಿ! ಮೊನ್ನಿ ಬೀದರದಿಂದ ಲಹರಿ ತಾಯಿ ವಿಡಿಯೋ ಕಾಲ್ ಮಾಡಿದ್ರು, ತನ್ವಿನ ತೋರಿಸಿದ್ರು. ಸೂಟಿ ಮುಗಿಯೂ ತನಕ ಅಜ್ಜಿ ಕಡೆನ ಇರ್ತಾಳಂತ.”

ಬೀದರಿನಲ್ಲಿ. ತಮಗೆ ಅದನ್ನು ಯಾರೂ ಹೇಳಿರಲಿಲ್ಲ. ಹಾಗಾದರೆ ಬೆಳಿಗ್ಗೆ ಮುಚ್ಚಿದ ಕದದ ಹಿಂದೆ, ಕೂಲರ್ ಹಾಕಿಕೊಂಡು ಮಲಗಿದ್ದು ಯಾರು?

ಇಲ್ಲ, ಇಲ್ಲ ಎಂದು ಗಿರಿಜಾಬಾಯಿ ತಮಗೆ ತಾವೇ ಹೇಳಿಕೊಂಡರು. ಮೊಮ್ಮಗಳು ನಿನ್ನೆ ಮರಳಿ ಬಂದಿರಬಹುದು. ಖಣ ಅಂದ ಮೇಲೆ ಲಹರಿಯೂ ಅದನ್ನು ಇನ್ನೊಬ್ಬರಿಗೆ ದಾಟಿಸಿರಬೇಕು. ದಾಟಿಸದೆ ಇಡುವವರು ಯಾರಿದ್ದಾರೆ? ಅವಳನ್ನು ಒಂದು ಮಾತು ಕೇಳಿದರೆ ಮುಗಿಯಿತು. ಮುಂದಿನ ಮನೆ ಗೊತ್ತಾಗುತ್ತದೆ, ಹುಡುಗ ಸಿಗುತ್ತಾನೆ.

ಕೇಳಲು ಫೋನ್ ಎತ್ತಿಕೊಂಡರೆ, ಅದೇ ಹೊತ್ತಿಗೆ ಅದು ಬಡಿದುಕೊಂಡಿತು. ಲಹರಿ.

“ಅತ್ತೀ, ಏನಾತ್ರಿ? ನನಗಂತೂ ಜೀವ ನಿಲ್ಲವಲ್ದು.”

“ಲಹರಿ, ನಿನ್ನ ಕುಬಸದಾಗ ಸುಭದ್ರಾಬಾಯಾರು ನೇರಳಿ ಖಣ ಕೊಟ್ಟಿದ್ರಲ್ಲ, ಅದನ್ನ ಯಾರಿಗೆ ಕೊಟ್ಟಿ?”



“ನೇರಳಿದೇನ್ರಿ? ಅದು... ಕೆಲಸದಾಕಿಗೆ ಕೊಟ್ಟೆ ಅನ್ನಸ್ತೈತ್ರಿ. ಅದಕ್ಕ ಇಲಿನೂ ಕಡದಿತ್ತು, ಹಂಗಾಗಿ ಒಗದಬಿಟ್ಟೆ.”

ಎರಡು ಕಾರಣ.

ಮೂವತ್ತೊಂದು ವರ್ಷ ಕಿಟಕಿಯಲ್ಲಿ ಕೂತು ಕೇಳಿದ ದನಿ ಅದು. ಗಿರಿಜಾಬಾಯಿ ಗೋಡೆಗೆ ಒರಗಿದರು.

“ಖಣದ ಮಾತ ಬಿಡ್ರಿ ಅತ್ತೀ. ಚೀಟಿ ಸಿಕ್ತೇನ್ರಿ? ಮ್ಯಾಲಿನ ಸಾಲು ಪೂರಾ ಐತೇನ್ರಿ, ಅಕ್ಷರ ಅಳಿಸಿಲ್ಲಲ್ಲ?”

ಹಾಳೆ ಹರಿದಿದೆ ಎಂಬುದು ಈ ಖೋಲಿಯ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸಿಕ್ಕಿದ್ದು ಮೇಲಿನ ಸಾಲು ಎಂದು ಗಿರಿಜಾಬಾಯಿ ಯಾರಿಗೂ ಹೇಳಿರಲಿಲ್ಲ.

“ತನ್ವಿ ಎದ್ಲೇನವಾ?” ಎಂದರು.

“ಇಲ್ರಿ, ಇನ್ನೂ ಮಲಗ್ಯಾಳ.”

ಅವಳ ಮಾತಿನ ಹಿಂದೆ ಟಕಟಕ, ಟಕಟಕ ಎಂದು ಕೂಲರ್ ತಿರುಗುತ್ತಿತ್ತು. ಗಿರಿಜಾಬಾಯಿ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಇದೊಂದು ಆಗದಿರಲಿ ಎಂದು ಮನೆದೇವರಿಗೆ ಹರಕೆ ಕಟ್ಟುವಷ್ಟರಲ್ಲಿ ಕೇಳಿಸಿತು.

ಒಂದು ಸೀನು. ಕೈ ಅಡ್ಡ ಹಿಡಿದದ್ದು.

ಇನ್ನೊಂದು.

ಮೂರನೆಯದಕ್ಕೆ ಯಾವ ಕೈಯೂ ಸಾಲಲಿಲ್ಲ.

ಲಹರಿ ಏನೋ ಹೇಳುತ್ತಿದ್ದಳು, ಗಿರಿಜಾಬಾಯಿಗೆ ಕೇಳಲಿಲ್ಲ. ಕೌಶಲ್ ಏಳು ವರ್ಷದವನಿದ್ದಾಗ ಆ ಮೂರನೆಯ ಸೀನಿಗೆ “ನೂರು ವರ್ಷ ಬಾಳು” ಎಂದು ಬೆನ್ನು ತಟ್ಟಿದವರು ಅವರೇ. ನಕಲು ಇಟ್ಟುಕೊಂಡರೆ ಕಳವು ಎಂದಿದ್ದ ಹುಡುಗ.

“ಏನಂದ್ಲ್ರಿ ಲಹರಿ, ದೊಡ್ಡವ್ವಾರ?” ವಿನಾಯಕ ಎದ್ದು ಹತ್ತಿರ ಬಂದ. “ಅವರು ಆಕಿಗೂ ಫೋನ್ ಮಾಡಿದ್ರೇನು? ಕೊಡ್ತೀವಿ ಅಂತ ಹೇಳಿಬಿಡ್ರಿ. ಅಂವ ಹ್ಯಾಂಗ ಅದಾನಂತ? ಜೀವಂತ ಅದಾನಿಲ್ಲೋ?”

ಗಿರಿಜಾಬಾಯಿ ಫೋನ್ ಕೆಳಗಿಳಿಸಿದರು. ಗಡಿಯಾರದಲ್ಲಿ ನಾಲ್ಕು ಹತ್ತು. ಮುಷ್ಟಿಯೊಳಗೆ ಚೀಟಿ ಬೆವರಿಗೆ ಮೆತ್ತಗಾಗುತ್ತಿತ್ತು.

“ಜೀವಂತ ಅದಾನ” ಎಂದರು.

ವಿನಾಯಕ ಎರಡೂ ಕೈ ಎತ್ತಿ ದೇವರ ಜಗುಲಿಯತ್ತ ಮುಗಿದ. ಅವನ ಮುಖ ನೋಡುವ ಧೈರ್ಯ ಗಿರಿಜಾಬಾಯಿಗೆ ಆಗಲಿಲ್ಲ.